ಬಾಗಿಲ ಹೊರಗಿನ ಕೆಂಪು ಶೂ

"ನೋಡು, ಇದು ನಾನೇ! ಡಾಲ್ಫಿನ್‌ಗೆ ಮೀನು ಕೊಡ್ತಾ ಇದೀನಿ," ಎಂದು ಶ್ರೀಯಾ ಇನ್ನೊಂದು ಫೋಟೋವನ್ನು ಧೃತಿಯ ಮೂಗಿನ ಹತ್ತಿರ ಹಿಡಿದಳು.

ಸಿಂಗಪುರದ ಸೆಂಗ್‌ಕಾಂಗ್‌ನಲ್ಲಿ, ಅವರ ಬ್ಲಾಕಿನ ನೆಲಮಹಡಿಯ ಖಾಲಿ ಜಾಗವಾದ ವಾಯ್ಡ್ ಡೆಕ್‌ನಲ್ಲಿ ಇಬ್ಬರೂ ಯೂನಿಫಾರ್ಮ್‌ನಲ್ಲೇ ಕೂತಿದ್ದರು. ಶ್ರೀಯಾಳ ಮನೆ ಆರನೇ ಮಹಡಿ, ಧೃತಿಯದು ಒಂಬತ್ತನೇದು. ಇಬ್ಬರೂ ಒಂದೇ ಕ್ಲಾಸು, ಪ್ರೈಮರಿ ಫೋರ್. ಜೂನ್ ರಜೆಯಲ್ಲಿ ಇಬ್ಬರೂ ಹೋಗಿದ್ದು ಆಸ್ಟ್ರೇಲಿಯಾಕ್ಕೇ. ಆದರೆ ಶ್ರೀಯಾಳ ಅಪ್ಪನಿಗೆ ಆ ವರ್ಷ ಬ್ಯಾಂಕಿನಲ್ಲಿ ದೊಡ್ಡ ಬೋನಸ್ ಬಂದಿತ್ತು. ಅವರು ಹೋಗಿದ್ದು ಬೀಚು, ಡಾಲ್ಫಿನ್, ರೋಲರ್ ಕೋಸ್ಟರ್ ಎಲ್ಲ ಇರುವ ಗೋಲ್ಡ್ ಕೋಸ್ಟ್‌ಗೆ.

ಫೋಟೋದಲ್ಲಿ ಶ್ರೀಯಾ ನಗುತ್ತಿದ್ದಳು. ಡಾಲ್ಫಿನ್ ನಗುತ್ತಿತ್ತು. ನೀಲಿ ಬಕೆಟ್ಟಿನಲ್ಲಿದ್ದ ಸತ್ತ ಮೀನುಗಳೂ ನಗುತ್ತಿವೆಯೇನೋ ಎಂದು ಧೃತಿಗೆ ಅನಿಸಿತು. ಅವಳಿಗೆ ಹೊಟ್ಟೆ ಉರಿಯಿತು. ಸುಳ್ಳೇಕೆ ಹೇಳಬೇಕು, ಚೆನ್ನಾಗಿಯೇ ಉರಿಯಿತು.

"ನೀನೆಲ್ಲಿಗೆ ಹೋಗಿದ್ದೆ?" ಎಂದು ಶ್ರೀಯಾ ಕೇಳಿದಳು.

"ನಾವೂ... ಬೀಚ್‌ಗೇ. ನಿಮ್ದಕ್ಕಿಂತ ದೊಡ್ಡ ಬೀಚು."

"ಹೌದಾ? ಹೆಸರೇನು?"

"ಮರ್ತೋಯ್ತು."

"ಪರ್ವಾಗಿಲ್ಲ ಲಾ. ನಾಳೆ ಕ್ಲಾಸಲ್ಲಿ ರಜೆ ಬಗ್ಗೆ ಹೇಳೋ ಶೋ ಅಂಡ್ ಟೆಲ್‌ಗೆ ಫೋಟೋ ತರ್ತೀಯಲ್ಲ, ಆಗ ನೋಡ್ತೀನಿ," ಎಂದಳು ಶ್ರೀಯಾ, ಸಿಂಗಪುರದವರ 'ಲಾ' ಸೇರಿಸಿ.

ಧೃತಿ ಹೋಮ್‌ವರ್ಕ್ ಇದೆ ಎಂದವಳೇ ಲಿಫ್ಟಿನತ್ತ ಓಡಿದಳು.

ಫೋಟೋಗಳೇನೋ ಇದ್ದವು. ಬರೋಬ್ಬರಿ ನಲವತ್ತು. ನಲವತ್ತರಲ್ಲೂ ಅಪ್ಪ ಒಂದು ಪುಟ್ಟ ಜರಡಿ ಹಿಡಿದು ಕುಕ್ಕರಗಾಲಲ್ಲಿ ಕೂತಿದ್ದ. ಅಪ್ಪ ವಿಶ್ವಜಿತ್‌ಗೆ ಯೂನಿವರ್ಸಿಟಿಯಲ್ಲಿ ಮಣ್ಣು, ಧೂಳು ಪರೀಕ್ಷೆ ಮಾಡುವುದೇ ಕೆಲಸ. ಆ ಕೆಲಸಕ್ಕೆಂದೇ ಮನೆಯವರನ್ನೆಲ್ಲ ಲೇಕ್ ಏರ್ ಎಂಬಲ್ಲಿಗೆ ಎಳೆದುಕೊಂಡು ಹೋಗಿದ್ದ. ಎರಡು ದಿನ ಕಾರಿನಲ್ಲಿ ಕುಲುಕಿ ಕುಲುಕಿ ಹೋದರೆ, ಅದು ಹೆಸರಿಗೆ ಮಾತ್ರ ಲೇಕು. ಒಂದು ತೊಟ್ಟು ನೀರಿಲ್ಲ! ನಡುವೆ ಬಿಳಿ ಉಪ್ಪು, ಸುತ್ತ ಕೆಂಪು ಮಣ್ಣು. ಕಿವಿಯೊಳಗೆ ಧೂಳು, ಅಮ್ಮ ಕಲಸಿದ ಮೊಸರನ್ನದಲ್ಲೂ ಧೂಳು. ಅಪ್ಪ ಏನೇನೋ ವಿವರಿಸುತ್ತಿದ್ದರೆ ಧೃತಿ ಜಾಕೆಟ್ಟಿನ ಟೋಪಿ ಎಳೆದುಕೊಂಡು, 'ಈಗ ಶ್ರೀಯಾ ರೋಲರ್ ಕೋಸ್ಟರ್ ಹತ್ತಿರ್ತಾಳೆ' ಎಂದುಕೊಳ್ಳುತ್ತಿದ್ದಳು.

ಮನೆಗೆ ಬಂದವಳು ಆಲ್ಬಮ್ ತೆಗೆದು ಮಂಚದ ಕೆಳಗೆ, ಸೂಟ್‌ಕೇಸಿನ ಹಿಂದೆ ತಳ್ಳಿದಳು. ಅಷ್ಟರಲ್ಲಿ ಬೆಲ್ ಆಯಿತು.

"ಯಾರು ನೋಡೇ," ಎಂದು ಅಮ್ಮ ಅನುಸೂಯಾ ಅಡುಗೆಮನೆಯಿಂದ ಕೂಗಿದಳು.

ಶ್ರೀಯಾ! ಕೈಯಲ್ಲಿ ಸ್ಟೀಲ್ ಡಬ್ಬ. ರಜೆಗೆ ಮುಂಚೆ ಅಮ್ಮ ಅದರಲ್ಲಿ ಅವರ ಮನೆಗೆ ಚಕ್ಕುಲಿ ಕಳಿಸಿದ್ದಳು. ಖಾಲಿ ಡಬ್ಬ ವಾಪಸ್ ಕೊಡಬಾರದಲ್ಲ, ಅದಕ್ಕೆ ಶ್ರೀಯಾಳ ಅಮ್ಮ ಚಾಕೊಲೇಟ್ ತುಂಬಿಸಿ ಕೊಟ್ಟಿದ್ದರು.

ಆದರೆ ಶ್ರೀಯಾ ಡಬ್ಬ ಕೊಡುವುದನ್ನು ಮರೆತು ಕೆಳಗೆ ನೋಡುತ್ತಿದ್ದಳು. ಬಾಗಿಲ ಪಕ್ಕ, ಚಪ್ಪಲಿ ಸ್ಟ್ಯಾಂಡಿನಲ್ಲಿ ಧೃತಿಯ ಶೂ ಇತ್ತು. ಹೋಗುವಾಗ ಬಿಳಿ. ಈಗ ಇಟ್ಟಿಗೆಯ ಬಣ್ಣ. ಧೃತಿ ಆಲ್ಬಮ್ ಬಚ್ಚಿಟ್ಟಿದ್ದಳು. ಹೊರಗೆ ಬಿಟ್ಟ ಶೂ ಮಾತ್ರ ನೆನಪಾಗಿರಲಿಲ್ಲ.

"ಇದು ಯಾವ ಬೀಚ್ ಮರಳು?" ಶ್ರೀಯಾ ಕೂತು ಬೆರಳಲ್ಲಿ ಮುಟ್ಟಿದಳು. "ಕುಂಕುಮದ ಥರ ನುಣ್ಣಗಿದೆ!"

ಧೃತಿಯ ಮುಖ ಬಿಸಿಯಾಯಿತು. "ಬೀಚೂ ಇಲ್ಲ, ಏನೂ ಇಲ್ಲ. ಒಣಗಿದ ಕೆರೆ ಅದು. ನಿಂಗೆ ಡಾಲ್ಫಿನ್, ನಂಗೆ ಧೂಳು. ಸಾಕಾ?"

ಶ್ರೀಯಾ ನಗಲಿಲ್ಲ. "ಎಷ್ಟು ದೊಡ್ಡ ಕೆರೆ?"

"ಹತ್ತು ಸಿಂಗಪುರ ಇಟ್ರೂ ಜಾಗ ಉಳಿಯುತ್ತೆ."

"ಹತ್ತಾ! ಅಷ್ಟು ಧೂಳು ಎಲ್ಲಿಂದ ಬಂತು?"

"ಸುತ್ತಲಿನ ನದಿಗಳು ಸಮುದ್ರಕ್ಕೆ ಹೋಗಲ್ಲ, ಅಲ್ಲಿಗೇ ಬರ್ತವೆ. ನೀರು ಒಣಗಿಹೋಗುತ್ತೆ, ಮಣ್ಣು ಉಳ್ಕೊಳ್ಳುತ್ತೆ." ಟೋಪಿಯೊಳಗಿದ್ದರೂ ಅಪ್ಪನ ಮಾತೆಲ್ಲ ಕಿವಿಗೆ ಬಿದ್ದಿತ್ತೇ ಎಂದು ಧೃತಿಗೇ ಆಶ್ಚರ್ಯವಾಯಿತು.

"ಆಮೇಲೆ?"

"ಆಮೇಲೆ ಗಾಳಿ ಅದನ್ನ ಎತ್ಕೊಂಡು ಹೋಗಿ ಸಮುದ್ರಕ್ಕೆ ಹಾಕುತ್ತೆ. ಅದ್ರಲ್ಲಿ ಕಬ್ಬಿಣ ಇದೆ. ಸಮುದ್ರದಲ್ಲಿ ಕಣ್ಣಿಗೇ ಕಾಣದಷ್ಟು ಪುಟ್ಟ ಗಿಡಗಳಿರ್ತವೆ, ಅವು ಬೆಳೆಯೋಕೆ ಕಬ್ಬಿಣ ಬೇಕು. ಆ ಗಿಡಾನ ಪುಟ್ಟ ಹುಳ ತಿನ್ನುತ್ತೆ. ಹುಳಾನ ಮೀನು ತಿನ್ನುತ್ತೆ. ಮೀನನ್ನ..."

ಧೃತಿ ಶೂ ಕಡೆ ನೋಡಿದಳು. ಶ್ರೀಯಾಳ ಫೋಟೋದ ಡಾಲ್ಫಿನ್, ನೀಲಿ ಬಕೆಟ್ಟಿನ ಮೀನು ಕಣ್ಣ ಮುಂದೆ ಬಂದವು.

ಲೇಕ್ ಏರ್‌ನಲ್ಲಿ ಒಂದು ಮಧ್ಯಾಹ್ನ ಜೋರು ಗಾಳಿ ಎದ್ದಿತ್ತು. ನೆಲದಿಂದ ಕೆಂಪು ಧೂಳು ಮೇಲೆದ್ದು ದೂರ ದೂರ ಹೋಯಿತು. ಆಗ ಅಪ್ಪ ಜರಡಿ ಕೆಳಗಿಟ್ಟು, ರೈಲು ಹತ್ತಿದವರಿಗೆ ಮಾಡುವಂತೆ ಆ ಧೂಳಿಗೆ ಕೈಬೀಸಿದ್ದ. ಅಪ್ಪನಿಗೆ ತಲೆ ಕೆಟ್ಟಿದೆ ಎಂದು ಧೃತಿ ಮುಖ ತಿರುಗಿಸಿದ್ದಳು.

"ಮೀನನ್ನ ಯಾರು ತಿಂತಾರೆ? ಹೇಳೇ!" ಎಂದು ಶ್ರೀಯಾ ಭುಜ ಅಲುಗಿಸಿದಳು.

ಅಷ್ಟರಲ್ಲಿ ಅಮ್ಮ ಬ್ರಶ್ಶು, ನೀರು ಹಿಡಿದು ಬಂದಳು. "ಕಾರಿಡಾರೆಲ್ಲ ಧೂಳು! ಕೊಡಿಲ್ಲಿ ಆ ಶೂನ, ತೊಳೆದುಬಿಡ್ತೀನಿ."

"ಬೇಡಮ್ಮ! ನಾಳೆ ಸ್ಕೂಲಿಗೆ ಬೇಕು," ಎಂದು ಧೃತಿ ಶೂಗಳನ್ನು ಎದೆಗೆ ಅವುಚಿಕೊಂಡಳು. ಯೂನಿಫಾರ್ಮ್ ಕೆಂಪಾಯಿತು. ಅಮ್ಮ ಹಣೆ ಚಚ್ಚಿಕೊಂಡಳು.

"ಶ್ರೀಯಾ, ನಾಳೆ ಮೊದಲು ನಾನು ಶೂ ತೋರಿಸ್ತೀನಿ. ಆಮೇಲೆ ನೀನು ಡಾಲ್ಫಿನ್ ಫೋಟೋ ತೋರಿಸು. ಬಕೆಟ್ ಇರೋದೇ ತಾ."

"ಅದಕ್ಕೂ ಇದಕ್ಕೂ ಏನ್ ಸಂಬಂಧ ಲಾ?"

"ನಾಳೆ ಹೇಳ್ತೀನಿ."

ಹೊಟ್ಟೆಯುರಿ ಪೂರ್ತಿ ಹೋಗಿರಲಿಲ್ಲ. ರೋಲರ್ ಕೋಸ್ಟರ್ ಅಂದರೆ ರೋಲರ್ ಕೋಸ್ಟರೇ. ಆದರೂ ಶ್ರೀಯಾ ಕೊಟ್ಟ ಡಬ್ಬದಿಂದ ಒಂದು ಚಾಕೊಲೇಟ್ ತೆಗೆದು ಬಾಯಿಗೆ ಹಾಕಿಕೊಂಡಾಗ ಅದು ರುಚಿಯಾಗಿಯೇ ಇತ್ತು.

ಶ್ರೀಯಾ ಹೋದ ಮೇಲೆ ಕಾರಿಡಾರಿನಲ್ಲಿ ಗಾಳಿ ಬೀಸಿತು. ಶೂವಿನ ಮೇಲಿಂದ ಚಿಟಿಕೆಯಷ್ಟು ಕೆಂಪು ಧೂಳು ಎದ್ದು, ಮೋಟುಗೋಡೆ ದಾಟಿ, ಒಂಬತ್ತನೇ ಮಹಡಿಯಿಂದ ಹೊರಗೆ ಹೋಯಿತು.

ಧೃತಿ ಆಚೀಚೆ ನೋಡಿದಳು. ಯಾರೂ ಇರಲಿಲ್ಲ. ಮೆಲ್ಲಗೆ ಕೈಬೀಸಿದಳು.