ಆದಿಲಕ್ಷ್ಮಿ ಆರಿಸಿದ ಹಾಯಿದೋಣಿ

"ಈ ಮನೆಗೆ ದೋಣಿ ಬಂದ ದಿನ ನಾನು ಹೊಸಿಲು ದಾಟ್ತೀನಿ... ತಿರುಗಿ ಕೂಡ ನೋಡಲ್ಲ!"

ಆದಿಲಕ್ಷ್ಮಿ ಹೀಗೆ ಕೂಗಿದ ರಭಸಕ್ಕೆ ಕೈಯಲ್ಲಿದ್ದ ಸೌಟು ಜಾರಿ ನೆಲಕ್ಕೆ ಬಿತ್ತು. ಭಾನುವಾರದ ಮಧ್ಯಾಹ್ನ. ಜೋಗುಪಾಳ್ಯದ ಆ ಪುಟ್ಟ ಮಹಡಿ ಮನೆಯಲ್ಲಿ ಮುದ್ದೆ ಮುರಿಯುತ್ತಿದ್ದ ಕೈಗಳೆಲ್ಲ ನಿಂತುಬಿಟ್ಟವು. ಮಗ ಭೀಮೇಶ್ ತಂದೆಯ ತಟ್ಟೆಯ ಪಕ್ಕದಲ್ಲಿಟ್ಟ ಮೊಬೈಲಿನಲ್ಲಿ ಬೆಳ್ಳನೆಯ ಹಾಯಿದೋಣಿಯೊಂದರ ಚಿತ್ರ ಇನ್ನೂ ಹೊಳೆಯುತ್ತಿತ್ತು. ಮಾವ ಮುನಿರಾಜಪ್ಪ ಆ ಚಿತ್ರದಿಂದ ಕಣ್ಣು ಕೀಳಲಾರದೆ ಕುಳಿತಿದ್ದುದನ್ನು ಸೊಸೆ ಹೇಮಶ್ರೀ ನೋಡುತ್ತಿದ್ದಳು.

"ಅಮ್ಮ, ಒಂದ್ಸಲ ಪೂರ್ತಿ ಕೇಳಮ್ಮ. ಸೆಕೆಂಡ್ ಹ್ಯಾಂಡ್ ಆದ್ರೂ ಚೆನ್ನಾಗಿದೆ. ಒಳಗಡೆ ಮಲಗೋಕೂ ಜಾಗ ಇದೆ. ರಜೆಯಲ್ಲಿ ಎಲ್ಲರೂ ಸೇರ್ಕೊಂಡು..."

"ಏನೋ ಕೇಳೋದು? ಒಬ್ಬ ಮಗನ್ನ ನೀರಿಗೆ ಕೊಟ್ಟಿದ್ದು ಸಾಲ್ದಾ? ಈಗ ಮೊಮ್ಮಗಳನ್ನೂ ಕೂರಿಸ್ಕೊಂಡು ಹೋಗ್ಬೇಕಾ?" ಎಂದವಳೇ ಆದಿಲಕ್ಷ್ಮಿ ಅಡುಗೆಮನೆಯ ಬಾಗಿಲನ್ನು ದಡಾರನೆ ಹಾಕಿಕೊಂಡಳು. ಪುಟ್ಟ ಪ್ರಿಯಾ ಬೆದರಿ ಅಮ್ಮ ಹೇಮಶ್ರೀಯ ತೋಳಿಗೆ ಅಂಟಿಕೊಂಡಳು.

ಆ ಮನೆಗೆ ಮದುವೆಯಾಗಿ ಬಂದ ಹೊಸದರಲ್ಲಿ ಹೇಮಶ್ರೀ ಅತ್ತೆಯ ನಾಲಿಗೆಗೆ ಹೆದರಿ ಎಷ್ಟು ಅತ್ತಿದ್ದಳೋ! ಹಾಲು ಉಕ್ಕಿದರೂ ಬೈಗುಳ, ಉಕ್ಕದಿದ್ದರೂ ಬೈಗುಳ. ಆದರೆ ಗಂಡನೊಡನೆ ಆದಿಲಕ್ಷ್ಮಿ ಬೈಯುವುದಕ್ಕೂ ಬಾಯಿ ತೆರೆಯುತ್ತಿರಲಿಲ್ಲ. "ಅವರಿಗೆ ಊಟಕ್ಕೆ ಹೇಳು", "ಅವರಿಗೆ ಮಾತ್ರೆ ಕೊಡು" ಎಂದು ಸೊಸೆಯ ಮೂಲಕವೇ ಎಲ್ಲವೂ. ಇದೆಂಥ ಹಟ ಎಂದು ಹೇಮಶ್ರೀ ಬೆರಗಾಗಿದ್ದಳು. ಕಾರಣ ಹೇಳಿದವರು ಕೆಳಮನೆಯ ಮುನಿಲಕ್ಷ್ಮಮ್ಮ.

ಮುನಿರಾಜಪ್ಪ ದಂಡಿನ ಸ್ಯಾಪರ್ ಎಂಬ ಸೇನಾ ಎಂಜಿನಿಯರ್ ಪಡೆಯಲ್ಲಿ ಸುಬೇದಾರನಾಗಿದ್ದವರು. ಹಲಸೂರು ಕೆರೆಯಲ್ಲಿ ಎಷ್ಟೋ ಸೈನಿಕರಿಗೆ ಹಾಯಿ ಎತ್ತಲು, ಗಾಳಿ ಹಿಡಿಯಲು ಕಲಿಸಿದವರು. ತಮ್ಮಿಬ್ಬರು ಗಂಡುಮಕ್ಕಳಿಗೂ ಕಲಿಸಿದರು. ನಿವೃತ್ತಿಯ ನಂತರ ಒಮ್ಮೆ ದೊಡ್ಡ ಮಗ ಸುನೀಲನೊಂದಿಗೆ ಕಾರವಾರದ ಕಡೆ ಸ್ನೇಹಿತರೊಬ್ಬರ ದೋಣಿಯಲ್ಲಿ ಸಮುದ್ರಕ್ಕಿಳಿದರು. ಎಲ್ಲಿಂದಲೋ ಎದ್ದ ಅಲೆಯೊಂದು ದೋಣಿಯನ್ನು ವಾಲಿಸಿ ಸುನೀಲನನ್ನು ನೀರಿಗೆ ಎಸೆಯಿತು. ಮುನಿರಾಜಪ್ಪ ದೋಣಿ ತಿರುಗಿಸಿ ಅವನ ಬಳಿಗೆ ಬಂದರು. ಮಗನ ಕೈ ಹಿಡಿದೂ ಹಿಡಿದರು! ಆದರೆ ಆ ದೋಣಿಯ ಅಂಚು ಎತ್ತರ. ಒದ್ದೆಯಾಗಿ ಭಾರವಾಗಿದ್ದ ಜೀವವನ್ನು ಮೇಲಕ್ಕೆ ಎಳೆದುಕೊಳ್ಳಲಾಗಲಿಲ್ಲ... ಎಳೆದರು, ಎಳೆದರು... ಕೊನೆಗೆ ಇನ್ನೊಂದು ಅಲೆ ಬಂದು ಕೈ ಬಿಡಿಸಿಕೊಂಡು ಹೋಯಿತು.

ಹೆಣ ಮನೆಗೆ ಬಂದ ದಿನ ಆದಿಲಕ್ಷ್ಮಿ ಬೀದಿಯವರೆಲ್ಲ ಕೇಳುವಂತೆ ಎದೆ ಬಡಿದುಕೊಂಡು ಶಪಿಸಿದ್ದಳು: "ನನ್ನ ಮಗನ್ನ ಎತ್ತೋಕಾಗದ ಆ ಕೈ ಬಿದ್ದೋಗ್ಲಿ!"

ವರ್ಷಗಳ ಮೇಲೆ ಮುನಿರಾಜಪ್ಪನವರಿಗೆ ಲಕ್ವ ಹೊಡೆಯಿತು. ಬಿದ್ದುಹೋದದ್ದು ಮಗನನ್ನು ಹಿಡಿದಿದ್ದ ಅದೇ ಬಲಗೈ.

ಬೀದಿಯವರು ಆ ಮಾತನ್ನು ಮರೆತಿದ್ದರು. ಆದಿಲಕ್ಷ್ಮಿ ಮರೆತಿರಲಿಲ್ಲ. ಪ್ರತಿದಿನ ಬೆಳಿಗ್ಗೆ ಎಳ್ಳೆಣ್ಣೆ ಬಿಸಿ ಮಾಡಿ ಆ ಕೈಯನ್ನು ಹೆಗಲಿನಿಂದ ಬೆರಳಿನವರೆಗೆ ಉಜ್ಜುತ್ತಿದ್ದಳು. ಮುಖ ಗೋಡೆಯ ಕಡೆಗೆ, ತುಟಿಯ ಮೇಲೆ ಒಂದು ಮಾತಿಲ್ಲ. ಜ್ವರ ಬಂದು ಮೈ ಕೆಂಡವಾಗಿದ್ದ ದಿನವೂ ಆ ಕೆಲಸವನ್ನು ಸೊಸೆಗೆ ಬಿಟ್ಟವಳಲ್ಲ. ಅದನ್ನು ಕಂಡ ಮೇಲೆ ಅತ್ತೆಯ ಬೈಗುಳ ಹೇಮಶ್ರೀಯ ಮನಸ್ಸಿಗೆ ನಾಟುವುದೇ ನಿಂತುಹೋಗಿತ್ತು.

ಆ ಸಂಜೆ ಮಹಡಿಯ ಮೇಲೆ ಬಟ್ಟೆ ತೆಗೆಯುತ್ತಿದ್ದ ಅತ್ತೆಯ ಬಳಿಗೆ ಹೇಮಶ್ರೀ ಧೈರ್ಯ ಮಾಡಿ ಹೋದಳು.

"ಅತ್ತೆ, ಬೈದ್ರೂ ಪರ್ವಾಗಿಲ್ಲ, ಹೇಳ್ಬಿಡ್ತೀನಿ. ಮಾವನ್ನ ವಾಕಿಂಗ್‌ಗೆ ಅಂತ ಕೆರೆ ಹತ್ರ ಕರ್ಕೊಂಡು ಹೋದಾಗ ಅಲ್ಲಿಂದ ಏಳೋದೇ ಇಲ್ಲ. ಮಿಲಿಟರಿ ದೋಣಿ ತೇಲ್ತಿದ್ರೆ ಅವರ ಎಡಗೈ ತಾನಾಗೇ ಅಲ್ಲಾಡುತ್ತೆ... ಚುಕ್ಕಾಣಿ ಹಿಡ್ದಂಗೆ. ಮನೆಗೆ ಬಂದ್ರೆ ಮತ್ತೆ ಕಲ್ಲಿನ ಹಾಗೆ ಕೂರ್ತಾರೆ. ನನಗೆ ನೋಡೋಕಾಗಲ್ಲ ಅತ್ತೆ..."

ಆದಿಲಕ್ಷ್ಮಿ ಕೈಯಲ್ಲಿದ್ದ ಗಂಡನ ಅಂಗಿಯನ್ನು ಮಡಿಸಿದಳು, ಬಿಡಿಸಿದಳು, ಮತ್ತೆ ಮಡಿಸಿದಳು.

ಮುಂದಿನ ಭಾನುವಾರ ಭೀಮೇಶ್ ತಂದೆಯನ್ನೂ ಹೆಂಡತಿ ಮಗಳನ್ನೂ ಕಾರಿಗೆ ಹತ್ತಿಸುತ್ತಿದ್ದಾಗ ಆದಿಲಕ್ಷ್ಮಿ ಚಪ್ಪಲಿ ಮೆಟ್ಟಿ ಹೊರಗೆ ಬಂದಳು.

"ನಾನೂ ಬರ್ತೀನಿ. ಯಾವುದ್ರಲ್ಲಿ ಕೂತು ಸಾಯ್ಬೇಕು ಅಂತಿದ್ದೀರೋ, ಅದನ್ನಾದ್ರೂ ಕಣ್ಣಾರೆ ನೋಡ್ತೀನಿ."

ನೋಡಬೇಕಾಗಿದ್ದ ದೋಣಿಗಳು ಎರಡು. ಮೊದಲನೆಯದು ಕೆ.ಆರ್. ಪುರದ ಗೋದಾಮಿನ ಅಂಗಳದಲ್ಲಿ ಟ್ರೈಲರ್ ಮೇಲೆ ನಿಂತಿತ್ತು. ಅದೇ ಬಿಳಿ ದೋಣಿ! ಚಾಕುವಿನಂಥ ಮೂತಿ, ಆಕಾಶಕ್ಕೆ ನೆಟ್ಟಂಥ ಕಂಬ, ಕನ್ನಡಿಯಂಥ ಮೈ. ಭೀಮೇಶನ ಮುಖ ಮಗುವಿನಂತೆ ಅರಳಿತು. ಹಳೇ ಮದ್ರಾಸ್ ರಸ್ತೆಯಲ್ಲಿ ಕಾರು ರಿಪೇರಿ ಗ್ಯಾರೇಜು ನಡೆಸುತ್ತ ಗ್ರೀಸಿನಲ್ಲೇ ಮುಳುಗಿದ್ದವನು, ಒಂದು ಕಾಲಕ್ಕೆ ಹಾಯಿದೋಣಿ ಸ್ಪರ್ಧೆಗಳಲ್ಲಿ ಗೆದ್ದವನು ಅವನು. "ಅಪ್ಪ, ಗಾಳಿ ಸಿಕ್ರೆ ಇದು ಓಡಲ್ಲ, ಹಾರುತ್ತೆ!" ಎಂದ. ಮುನಿರಾಜಪ್ಪ ಎಡಗೈಯಿಂದ ಅದರ ಮೈ ಸವರಿ ತಲೆದೂಗಿದರು.

ಮಾಲೀಕ ಕೆಂಪರಾಜ್ ಗುಣಗಾನ ಮುಗಿಸುವುದನ್ನೇ ಕಾಯುತ್ತಿದ್ದವಳಂತೆ ಆದಿಲಕ್ಷ್ಮಿ ಕೇಳಿದಳು: "ನೀರಲ್ಲಿದ್ದಾಗ ಇದು ಎಲ್ಲೀವರೆಗೆ ಮುಳುಗಿರುತ್ತೆ?"

ಕೆಂಪರಾಜ್ ದೋಣಿಯ ಮೈಮೇಲಿನ ಗೆರೆಯೊಂದನ್ನು ತೋರಿಸಿದ.

"ಬಿದ್ದೋರು ಹೆಂಗೆ ಹತ್ತಬೇಕು?"

"ಯಾರೂ ಬೀಳಲ್ಲಮ್ಮ," ಭೀಮೇಶ್ ನಕ್ಕ. "ಲೈಫ್ ಜಾಕೆಟ್ ಹಾಕ್ಕೋತೀವಿ, ಹಗ್ಗ ಕಟ್ಕೋತೀವಿ."

"ಬೀಳಲ್ಲ ಅಂತ ಸುನೀಲನೂ ಹೇಳಿ ಹೋಗಿದ್ದ."

ಆದಿಲಕ್ಷ್ಮಿ ಮೂಲೆಯಲ್ಲಿದ್ದ ಮರದ ಪೆಟ್ಟಿಗೆಯನ್ನು ಎಳೆದು ತಂದಳು. ಅದರ ಮೇಲೆ ನಿಂತಾಗ ಆ ಗೆರೆ ಅವಳ ಎದೆಯ ಮಟ್ಟಕ್ಕೆ ಬಂತು. ನೀರಿನಲ್ಲಿ ತೇಲುವವರಿಗೂ ನೀರು ಎದೆಮಟ್ಟಕ್ಕೇ, ದೋಣಿಯ ಅಂಚು ಅವರಿಗೂ ಅಷ್ಟೇ ಎತ್ತರ. ಆಮೇಲೆ ಅವಳು ಮಾಡಿದ್ದನ್ನು ಹೇಮಶ್ರೀ ಬದುಕಿರುವವರೆಗೂ ಮರೆಯಲಾರಳು. ಸೆರಗಿನ ತುದಿಯಿಂದ ತನ್ನ ಬಲಗೈಯನ್ನು ಸೊಂಟಕ್ಕೆ ಬಿಗಿದು ಕಟ್ಟಿಕೊಂಡು, ಆ ಅರವತ್ತು ದಾಟಿದ ಹೆಂಗಸು ಎಡಗೈಯೊಂದನ್ನೇ ಮೇಲಕ್ಕೆ ಚಾಚಿ ಅಂಚು ಹಿಡಿದು ಹತ್ತಲು ಹೊರಟಳು! ಬೆರಳು ಜಾರಿತು. ಮತ್ತೆ ಹಿಡಿದಳು. ಮತ್ತೆ ಜಾರಿತು. ಮೊಣಕೈ ತರಚಿ ಬಿಳಿ ಮೈಮೇಲೆ ರಕ್ತದ ಗೀರು ಮೂಡಿತು.

"ಅತ್ತೆ, ಸಾಕು!" ಹೇಮಶ್ರೀ ಓಡಿದಳು. ಅವಳಿಗಿಂತ ಮೊದಲೇ ಮುನಿರಾಜಪ್ಪನವರ ತೊದಲುವ ದನಿ ಕೇಳಿಸಿತು: "ಲಕ್... ಲಕ್ಷ್ಮೀ... ಬೇಡ..."

ಆದಿಲಕ್ಷ್ಮಿ ಗಕ್ಕನೆ ತಿರುಗಿದಳು. ಅಷ್ಟು ವರ್ಷ ಗಂಡನ ಮುಖ ನೋಡಿ ಮಾತಾಡದವಳು ನೆಟ್ಟ ನೋಟದಿಂದ ಅವರನ್ನೇ ನೋಡಿದಳು.

"ನೀವು ಬಿದ್ರೆ ಹಿಂಗೇ ತಾನೆ ಹತ್ತಬೇಕು? ಒಂದೇ ಕೈಲಿ? ಆಗುತ್ತಾ? ಹೇಳ್ರೀ... ಆಗುತ್ತೇನ್ರೀ?" ದನಿ ಒಡೆಯಿತು. "ನನ್ನ ಬಾಯಿ ಸುಟ್ಟೋಗ. ಅಂದು ಆಡಿದ ಮಾತು ನಿಮ್ಮ ಈ ಕೈಗೆ ಬಂದು ಕೂತ್ಕೊಂತು. ಇನ್ನೊಂದು ಕೈಯನ್ನೂ ಆ ನೀರಿಗೆ ಕೊಡ್ಲಾ ನಾನು?"

ಮುನಿರಾಜಪ್ಪ ಕಾಲೆಳೆಯುತ್ತ ಹತ್ತಿರ ಬಂದರು. ಎಡಗೈಯಿಂದ ಅವಳ ಸೆರಗಿನ ಗಂಟು ಬಿಚ್ಚಲು ತಡಕಾಡಿದರು. "ನಿನ್... ಮಾತಿಂದ ಅಲ್ಲ ಕಣೇ... ಬಿಪಿಯಿಂದ," ಎಂದರು, ಒಂದೊಂದೇ ಅಕ್ಷರ ಹೆಕ್ಕಿ. ಅಳುವಿನ ನಡುವೆಯೇ ಆದಿಲಕ್ಷ್ಮಿಗೆ ನಗು ಬಂದುಬಿಟ್ಟಿತು. ಹೇಮಶ್ರೀ ಮಗಳನ್ನು ತಬ್ಬಿಕೊಂಡು ಅತ್ತೇ ಅತ್ತಳು.

ಎರಡನೆಯ ದೋಣಿ ಕಾಕ್ಸ್ ಟೌನಿನ ಹಳೆಯ ಬಂಗಲೆಯೊಂದರ ಹಿತ್ತಲಿನಲ್ಲಿ ಟಾರ್ಪಾಲಿನಡಿ ಮಲಗಿತ್ತು. ಮಾಸಿದ ನೀಲಿ ಬಣ್ಣ, ದಪ್ಪ ಹೊಟ್ಟೆ, ಮೊಂಡು ಮೂತಿ. "ಎಮ್ಮೆ ಥರ ಇದೆ," ಎಂದು ಭೀಮೇಶ್ ಗೊಣಗಿದ. ಮೇಲ್ಗಡೆಯ ಹಲಗೆ ಒಂದೆಡೆ ಮೆತ್ತಗಾಗಿತ್ತು, ಕಂಬದ ತಂತಿಗಳಿಗೆ ತುಕ್ಕು. ಆದರೆ ಕುಳಿತುಕೊಳ್ಳುವ ಜಾಗ ಅಗಲವಾಗಿ, ಆಳವಾಗಿತ್ತು. ಒಳಗೆ ಮಲಗಲು ಹಲಗೆಗಳು, ಸಣ್ಣ ಒಲೆ. ಹಿಂಭಾಗದಲ್ಲಿ ದೋಣಿಯ ಬೆನ್ನನ್ನೇ ಕತ್ತರಿಸಿ ಇಳಿಬಿಟ್ಟ ಅಗಲ ಮೆಟ್ಟಿಲುಗಳು.

"ಅದು ನಮ್ಮ ಅಬ್ಬಾ ಮಾಡ್ಸಿದ್ದು ಅಮ್ಮ," ಮನೆಯೊಡತಿ ರಿಮ್ಶಾ ಹೇಳಿದಳು. "ಅಮ್ಮೀಗೆ ಮೊಣಕಾಲು ನೋವು. ಆದ್ರೂ ಸಮುದ್ರ ಅಂದ್ರೆ ಪ್ರಾಣ. ನಾವೆಲ್ಲ ನೀರಿಗೆ ಬಿದ್ದು ಬಿದ್ದು ಹತ್ತಿದ್ದು ಇದರಲ್ಲೇ. ಈಗ ಇಬ್ಬರೂ ಇಲ್ಲ... ಯಾರಾದ್ರೂ ಮಕ್ಕಳು ಮರಿ ಇರೋ ಮನೆಯೋರು ತಗೊಳ್ಳಲಿ ಅಂತ ಇಟ್ಕೊಂಡಿದ್ದೀನಿ."

ಆದಿಲಕ್ಷ್ಮಿ ಮತ್ತೆ ಬಲಗೈ ಕಟ್ಟಿಕೊಂಡಳು. ಈ ಸಲ ಯಾರೂ ತಡೆಯಲಿಲ್ಲ. ಮೆಟ್ಟಿಲಿನ ಪಕ್ಕದ ಕಂಬಿ ಹಿಡಿದಳು, ಮೊಣಕಾಲೂರಿದಳು, ಉಸಿರು ಬಿಗಿಹಿಡಿದು ಮೇಲೆದ್ದಳು... ಹತ್ತಿಯೇಬಿಟ್ಟಳು! ಮೇಲೆ ನಿಂತು ಸೆರಗು ಸರಿಮಾಡಿಕೊಂಡು, "ಇದು," ಎಂದಳು. ಅಷ್ಟೇ.

ಭೀಮೇಶ್ ಬಗ್ಗಿ ತುಕ್ಕು ಹಿಡಿದ ತಂತಿಯನ್ನು ಉಗುರಿನಿಂದ ಕೆರೆದ. ಆ ಬಿಳಿ ದೋಣಿ ಅವನೊಳಗೆ ಎಷ್ಟು ಇಳಿದಿದೆಯೆಂಬುದು ಹೇಮಶ್ರೀಗೆ ಗೊತ್ತು. ತಿಂಗಳುಗಟ್ಟಲೆ ಅದರದೇ ಕನವರಿಕೆ ಅವನಿಗೆ. ಅವಳು ಮೆಲ್ಲನೆ ಅವನ ಬೆನ್ನ ಮೇಲೆ ಕೈಯಿಟ್ಟಳು.

"ಸ್ಪೀಡ್ ಬೇಕಾಗಿದ್ದಿದ್ದು ನನಗೆ ಮಾತ್ರ ಕಣೇ," ಎಂದ ಅವನು. "ಅಪ್ಪಂಗೆ ಅಂತ ಹೇಳ್ಕೊಂಡು ನನಗೋಸ್ಕರ ನೋಡ್ತಿದ್ದೆ." ಕಣ್ಣೊರೆಸಿಕೊಂಡು ರಿಮ್ಶಾಳ ಕಡೆ ತಿರುಗಿದ. "ಮೇಡಂ, ಇದನ್ನ ನಾವೇ ತಗೋತೀವಿ. ಹಲಗೆ, ತಂತಿ ಎಲ್ಲಾ ನಾನೇ ಹೊಸದಾಗಿ ಮಾಡ್ಕೋತೀನಿ."

ಮಳೆಗಾಲವಿಡೀ ದೋಣಿ ಗ್ಯಾರೇಜಿನಲ್ಲಿತ್ತು. ಹಗಲೆಲ್ಲ ಭೀಮೇಶ್ ಅದನ್ನು ಉಜ್ಜಿ, ಬೆಸೆದು, ಬಣ್ಣ ಬಳಿದ. ಮುನಿರಾಜಪ್ಪ ಕುರ್ಚಿಯಲ್ಲಿ ಕುಳಿತು ಎಡಗೈಯಿಂದ ತೋರಿಸಿ ತೋರಿಸಿ ಹೇಳಿಕೊಟ್ಟರು. ಆದಿಲಕ್ಷ್ಮಿ ಊಟದ ಡಬ್ಬಿ ತಂದು, "ಆ ಕಂಬಿ ಗಟ್ಟಿಯಾಗಿದೆಯೇನೋ?" ಎಂದು ದಿನವೂ ಜಗ್ಗಿ ನೋಡಿದಳು.

ಚಳಿಗಾಲದ ಒಂದು ಬೆಳಿಗ್ಗೆ ಕಾರವಾರದಲ್ಲಿ ಕಾಳಿ ನದಿ ಕಡಲಿಗೆ ಸೇರುವ ಜಾಗದ ಹತ್ತಿರ ನೀಲಿ ದೋಣಿ ನೀರಿಗಿಳಿಯಿತು. ಎಲ್ಲರೂ ಲೈಫ್ ಜಾಕೆಟ್ ತೊಟ್ಟು ಕುಳಿತರು. ಭೀಮೇಶ್ ಹಾಯಿಯ ಹಗ್ಗಕ್ಕೆ ಕೈ ಹಾಕಿದ್ದೇ ತಡ, ಆದಿಲಕ್ಷ್ಮಿ ಗದರಿದಳು.

"ನಿಲ್ಸೋ! ಮೊದಲು ಬಿದ್ದೋರನ್ನ ಎತ್ತೋದು ಕಲೀರಿ. ಆಮೇಲೆ ಹಾಯಿ."

"ಯಾರಮ್ಮ ಬೀಳ್ತಾರೆ ಈಗ?"

"ನಾನು."

ಯಾರೂ ಬಾಯಿ ತೆರೆಯುವ ಮೊದಲೇ ಅವಳು ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಮೆಟ್ಟಿಲಿಳಿದು ನದಿಗೆ ಜಾರಿದ್ದಳು! ತನ್ನ ಮಗನನ್ನು ನುಂಗಿದ ಆ ಕಡಲಿನ ಉಪ್ಪುನೀರು ಅವಳ ಕುತ್ತಿಗೆಯವರೆಗೆ ಬಂತು. ಕಣ್ಣು ಮಾತ್ರ ಅಲುಗಲಿಲ್ಲ. ನೀರಿಗೆ ಹಾರಲು ಮುಂದಾದ ಭೀಮೇಶನನ್ನು ಹೇಮಶ್ರೀ ತಡೆದಳು. ಏಕೆಂದರೆ ಅತ್ತೆ ಕೈ ಚಾಚಿದ್ದು ಮಗನ ಕಡೆಗಲ್ಲ.

"ಎತ್ಕೊಳ್ರೀ," ಎಂದಳು ಆದಿಲಕ್ಷ್ಮಿ.

ಮುನಿರಾಜಪ್ಪ ಮೇಲಿನ ಮೆಟ್ಟಿಲಲ್ಲಿ ಕುಳಿತರು. ಎಡಗೈ ಚಾಚಿ ಅವಳ ಮಣಿಕಟ್ಟು ಹಿಡಿದರು. ಕುತ್ತಿಗೆಯ ನರ ಉಬ್ಬಿತು, ಗಂಟಲಿನಿಂದ ನರಳಿಕೆಯಂಥ ದನಿ ಹೊರಟಿತು. ಎಳೆದರು... ಅವಳು ಮೊಣಕಾಲೂರಿದಳು... ಮತ್ತೆ ಎಳೆದರು. ಒದ್ದೆ ಸೀರೆ, ನರೆಗೂದಲು, ನೀರು ಸುರಿಯುವ ಮೈ, ಎಲ್ಲವೂ ಒಮ್ಮೆಲೇ ಅವರ ಎದೆಯ ಮೇಲೆ ಬಂದು ಬಿತ್ತು. ಇಬ್ಬರೂ ಹಾಗೆಯೇ ಒರಗಿಕೊಂಡು ಬಿಕ್ಕಿದರು. ಮುನಿರಾಜಪ್ಪನವರು "ಬಂದ್ಲು... ಬಂದ್ಲು..." ಎನ್ನುತ್ತಲೇ ಇದ್ದರು.

ಹೇಮಶ್ರೀ ಟವೆಲ್ ಹಿಡಿದು ಬಂದಳು. ಇಂಥವಳ ಸೊಸೆಯಾಗಿ ಬಂದೆನಲ್ಲ ಎಂದು ಎದೆ ಉಬ್ಬಿ ಬಂತು. ಅದನ್ನು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಟವೆಲ್ ಕಿತ್ತುಕೊಂಡು ಗಂಡನ ತಲೆ ಒರೆಸತೊಡಗಿದ್ದಳು.

"ನೋಡ್ತಾ ನಿಂತ್ಕೋಬೇಡ ಹೇಮಾ, ಮುಂದಿನ ಸರದಿ ನಿಂದು. ಇಳಿ."

"ಸರಿ ಅತ್ತೆ," ಎಂದು ಹೇಮಶ್ರೀ ಹಗ್ಗ ಬಿಗಿದುಕೊಂಡು ನೀರಿಗಿಳಿದಳು.