ಹಸಿದ ಕೌದಿ

ಮತ್ತೆ ನಡುವೆ ಬಾಯಿ ಹಾಕಿದಿರಾ? ಆಗ ನೀರು ಬೇಕೆಂದಿರಿ, ಈಗ ರಾಜನಿಗೆ ಎಷ್ಟು ಹೆಂಡತಿಯರೆಂದು ಕೇಳುತ್ತೀರಿ. ಅವನ ಸಂಸಾರ ಕಟ್ಟಿಕೊಂಡು ನಮಗೇನು? ಸುಮ್ಮನೆ ಕಥೆ ಕೇಳಿ.

ಬಹಳ ಹಿಂದೆ, ಬೆಳ್ಳಿಗುಡ್ಡದ ರಾಜ್ಯದಲ್ಲಿ ಸಾವಂತ್ರಿ ಎಂಬ ಹದಿನೈದರ ಹುಡುಗಿ ಇದ್ದಳು. ಒಂದು ದಿನ ಕೊರೆಗಣ್ಣನೆಂಬ ಮಾಂತ್ರಿಕ ಅವಳ ತಮ್ಮನನ್ನು ದಿಟ್ಟಿಸಿದ. ತಮ್ಮ ಮಂಜುಗಡ್ಡೆಯಾದ.

"ನನಗೆ ಹುಟ್ಟಿದಾಗಿನಿಂದ ಚಳಿ," ಎಂದ ಮಾಂತ್ರಿಕ. "ಪ್ರೀತಿ ಬೆಚ್ಚಗಿರುತ್ತದಂತೆ. ತಂದು ಹೊದಿಸು. ಮೂರು ಸಲ ಸೋತರೆ ನಿನ್ನ ತಮ್ಮ ಕರಗಿ ನೀರಾಗುತ್ತಾನೆ."

ಸಾವಂತ್ರಿ ಬಾವಿಕಟ್ಟೆಯ ಮರೆಯಿಂದ ದಿನಾ ತನ್ನನ್ನು ಕದ್ದು ನೋಡುತ್ತಿದ್ದ ಯುವರಾಜನ ಬಳಿ ಹೋದಳು. ಅವನು ನಾಚಿ ಕೆಂಪಾಗಿ, ರೇಷ್ಮೆ ಶಾಲು ಕೊಟ್ಟ.

"ಜಾರುತ್ತದೆ," ಎಂದು ಮಾಂತ್ರಿಕ ಎಸೆದ.

ಅವ್ವನ ಬಳಿ ಹೋದಳು. "ಹರಕ ಸೀರಿ ಒಯ್ತೀಯೇನ? ಮಂದಿ ಏನಂದಾರು?" ಎಂದು ಬೈಯುತ್ತಲೇ ಅವ್ವ ತನ್ನ ಮೆತ್ತನೆಯ ಹಳೆ ಸೀರೆ ಕೊಟ್ಟಳು.

"ತೆಳ್ಳಗಿದೆ," ಎಂದು ಮಾಂತ್ರಿಕ ಎಸೆದ.

ಸಾವಂತ್ರಿ ದಾರಿಯಲ್ಲಿ ಕೂತು ಅತ್ತಳು. ತಿಂಗಳಿನಿಂದ ಮಾತು ಬಿಟ್ಟಿದ್ದ ಗೆಳತಿ ಗಂಗೂ ಬಂದಳು. "ಅಳಬ್ಯಾಡಲೇ, ಮೊದಲೇ ಮೋರೆ ಚಂದಿಲ್ಲ," ಎಂದು ತನ್ನ ಲಂಗವನ್ನೇ ಹರಿದುಕೊಟ್ಟಳು.

ಇಬ್ಬರೂ ಮೂರು ಬಟ್ಟೆಗಳನ್ನು ಸೇರಿಸಿ ಕೌದಿ ಹೊಲಿದರು. ಹೊಲಿಯುತ್ತ ಸಾವಂತ್ರಿ ಯೋಚಿಸಿದಳು: ಶಾಲು ಮುಟ್ಟಿದರೆ ಎದೆ ಹೊಡೆದುಕೊಳ್ಳುತ್ತದೆ. ಸೀರೆ ಮುಟ್ಟಿದರೆ ನಿದ್ದೆ ಬರುತ್ತದೆ. ಲಂಗ ಮುಟ್ಟಿದರೆ ನಗು ಬರುತ್ತದೆ. ಮೂರನ್ನೂ ಪ್ರೀತಿ ಅಂತಲೇ ಕರೆಯುತ್ತಾರಲ್ಲ!

ಮಾಂತ್ರಿಕ ಕೌದಿ ಹೊದ್ದ. "ಇನ್ನೂ ಚಳಿ!" ಎಂದು ಕೂಗಿದ. ತಮ್ಮನ ಕಿವಿ ತೊಟ್ಟಿಕ್ಕತೊಡಗಿತು.

ಆಗ ಸಾವಂತ್ರಿಗೆ ತಪ್ಪು ಹೊಳೆಯಿತು. ಆ ನಾಡಿನಲ್ಲಿ ಕೌದಿಯ ಕೊನೆಯ ಮೂಲೆ ಹೊಲಿಯುವ ಮುಂಚೆ ಒಳಗೊಂದು ಚೂರು ರೊಟ್ಟಿ ಇಡಬೇಕು. ಹಸಿದ ಕೌದಿ ಬೆಚ್ಚಗೆ ಮಾಡುವುದಿಲ್ಲ. ಅವಸರದಲ್ಲಿ ಮರೆತಿದ್ದಳು. ಮೂಲೆಯ ಹೊಲಿಗೆ ಬಿಚ್ಚಿದಳು. ರೊಟ್ಟಿ ಇದ್ದದ್ದು ಮಾಂತ್ರಿಕನ ತಟ್ಟೆಯಲ್ಲಿ ಮಾತ್ರ.

"ಒಂದು ಚೂರು ಮುರಿದು ಹಾಕು."

"ಅದು ನನ್ನದು!"

"ಕೌದಿಯೂ ನಿನ್ನದೇ ಅಲ್ಲವೇನೋ, ಪೆದ್ದ!"

ಎಂದೂ ಯಾರಿಗೂ ಏನೂ ಕೊಡದ ಕೈ ರೊಟ್ಟಿ ಮುರಿದು ಮೂಲೆಯೊಳಗೆ ಇಟ್ಟಿತು. ಸಾವಂತ್ರಿ ಮೂಲೆ ಹೊಲಿದಳು. ಕೌದಿ ಬೆಚ್ಚಗಾಯಿತು. ಮಾಂತ್ರಿಕನ ಕಣ್ಣಿನಿಂದ ಮಂಜು ಕಳಚಿ ಬಿತ್ತು. ತಮ್ಮ ಒಂದು ಸೀನು ಸೀನಿ, ಎದ್ದು ಕೂತು, "ಹಸಿವು," ಎಂದ. ಅಂದಿನಿಂದ ಆ ರಾಜ್ಯದಲ್ಲಿ ಯಾರೂ ಮಂಜುಗಡ್ಡೆಯಾಗಲಿಲ್ಲ, ಎಲ್ಲರೂ ಉಂಡುಟ್ಟು ಸುಖವಾಗಿದ್ದರು.

ಸಾವಂತ್ರಿ ತಮ್ಮನ ಕೈ ಹಿಡಿದು ಹೊರಟಾಗ ಕೊರೆಗಣ್ಣ ಕೌದಿಯಿಂದ ಮುಖ ಹೊರಹಾಕಿ ಒಂದು ಮಾತು ಕೇಳಿದ.

"ನಾನು ಚಿಕ್ಕವನಿದ್ದಾಗ ಯಾರೂ ನನಗೆ ಇದನ್ನು ಏಕೆ ಹೊದಿಸಲಿಲ್ಲ?"