ಉಸಿರಿನ ಬಾಕಿ

ಆ ಬೆಳಿಗ್ಗೆ ಗಾಳಿಯೇ ಇರಲಿಲ್ಲ. ಮೋಡ ಬಂದಲ್ಲೇ ನಿಂತಿತ್ತು. ಒಣಹಾಕಿದ ಬಟ್ಟೆಗಳು ಯಾರೋ ಗದರಿಸಿ ನಿಲ್ಲಿಸಿದ ಮಕ್ಕಳಂತೆ ತಂತಿಯ ಮೇಲೆ ಸುಮ್ಮನಿದ್ದವು. ಲೋಕಕ್ಕೆಲ್ಲ ಉಸಿರು ಹಂಚುವವನು ಒಂದು ಗಳಿಗೆ ಕೈಕಟ್ಟಿ ಕೂತಿದ್ದಾನೇನೋ ಅನ್ನಿಸುವಂಥ ಬೆಳಗು.

ಅವಳು ಬಾಗಿಲಿಗೆ ಬೀಗ ಹಾಕುವಾಗ ಅಕ್ಕನ ಫೋನು ಬಂತು.

“ನಿನ್ನ ಟಿ.ವಿ. ಕೆಲಸ ಇವತ್ತಿಗೆ ಮುಗೀತು ತಾನೇ? ನಾಳೆ ರೈಲು ಹತ್ತಿ ಬಂದ್ಬಿಡು. ಇನ್ನೆಷ್ಟು ದಿನ ಗೋಡೆ ಜೊತೆ ಮಾತಾಡ್ಕೊಂಡಿರ್ತೀಯೇ?”

“ಗೋಡೆ ಎದುರುತ್ತರ ಕೊಡಲ್ಲ ಕಣೇ. ಅದೇ ಸುಖ.”

“ನಿಮ್ಮ ಭಾವನೂ ಕೊಡಲ್ಲ. ಆದ್ರೂ ಗೋಡೆಗಿಂತ ವಾಸಿ, ತರಕಾರಿನಾದ್ರೂ ತಂದ್ಕೊಡ್ತಾರೆ.”

ಅವಳು ನಕ್ಕಳು. ಮೆಟ್ಟಿಲಿಳಿಯುವಷ್ಟರಲ್ಲಿ ಆ ನಗು ಎಲ್ಲೋ ಬಿದ್ದುಹೋಗಿತ್ತು.

ಪ್ರಕೃತಿಯ ವಿಚಿತ್ರಗಳನ್ನು ತೋರಿಸುವ ಟಿ.ವಿ. ಸರಣಿಯೊಂದಕ್ಕೆ ಅವಳದೇ ದನಿ. ಹಾಡುವ ಮರಳು, ತಾನಾಗಿ ಜರುಗುವ ಬಂಡೆ, ಮಳೆಯೊಡನೆ ಬಿದ್ದ ಮೀನು. ಯಾವುದನ್ನೂ ಕಣ್ಣಾರೆ ಕಂಡವಳಲ್ಲ. ಕಿಟಕಿಯಿಲ್ಲದ ಪುಟ್ಟ ಕೋಣೆಯಲ್ಲಿ ಮೈಕಿನ ಮುಂದೆ ಕೂತು ಓದಿದವಳು, ಅಷ್ಟೆ. ಮನೆಗೆ ಹೋಗಿ ಟಿ.ವಿ. ಹಾಕಿಕೊಂಡರೆ ಊಟಕ್ಕೆ ಜೊತೆಯಾಗುತ್ತಿದ್ದುದೂ ತನ್ನದೇ ದನಿ.

ಆ ಕೋಣೆಯ ಗಾಜಿನಾಚೆ ಅವನಿರುತ್ತಿದ್ದ. ದನಿಯನ್ನು ಸೋಸಿ, ಕತ್ತರಿಸಿ, ಚಿತ್ರಕ್ಕೆ ಹೊಂದಿಸುವ ಸೌಂಡ್ ಎಡಿಟರ್. ಅವಳಿಟ್ಟ ಹೆಸರು ಕತ್ತರಿ. ಎಂಥ ಮಾತಿಗೂ ಉಸಿರೆತ್ತುವವನಲ್ಲ ಎಂದು ಸ್ಟುಡಿಯೋದವರೆಲ್ಲ ಅನ್ನುತ್ತಿದ್ದರು.

ದೇವರು ಅವಳ ಗಂಟಲಿಗೆ ಜೇನು ಸವರುವಾಗ ಜೇನುನೊಣವೊಂದನ್ನೂ ಅಲ್ಲೇ ಮರೆತಿದ್ದ. ಉಸಿರೆಳೆದಾಗಲೆಲ್ಲ ಕೊನೆಯಲ್ಲೊಂದು ಸಣ್ಣ ಸಿಳ್ಳೆ. ಚಿಕ್ಕಂದಿನ ಉಬ್ಬಸ ಬಿಟ್ಟುಹೋದದ್ದು. ಶಾಲೆಯಲ್ಲಿ ಅವಳಿಗೆ ‘ಕುಕ್ಕರ್’ ಎಂದೇ ಹೆಸರಿತ್ತು. ಒಂದು ಸಿಳ್ಳೆಯೂ ಟಿ.ವಿ.ಯಲ್ಲಿ ಕೇಳಬಾರದು ಎಂದು ನಿರ್ಮಾಪಕರ ಅಪ್ಪಣೆ. ಅದಕ್ಕೇ ಕತ್ತರಿ, ಕಾಳಿನಿಂದ ಕಲ್ಲು ಆರಿಸುವಂತೆ, ಅವಳ ಮಾತಿನ ನಡುವಿನ ಉಸಿರನ್ನೆಲ್ಲ ಆರಿಸಿ ತೆಗೆಯುತ್ತಿದ್ದ.

ಒಮ್ಮೆ ಅವಳೇ ಕೇಳಿದ್ದಳು. “ತೆಗೆದ ಉಸಿರನ್ನೆಲ್ಲ ಏನ್ಮಾಡ್ತೀರಿ ಕತ್ತರಿಯವರೇ?”

“ಅಳಿಸಿಹಾಕ್ತೀನಿ.”

“ಅಯ್ಯೋ ಪುಣ್ಯಾತ್ಮರೇ! ಉಸಿರು ದೇವರು ಕೊಟ್ಟ ಎರವಲು ಅಂತಿದ್ಳು ನಮ್ಮಜ್ಜಿ. ನಾಳೆ ಅವನು ಲೆಕ್ಕ ಕೇಳಿದ್ರೆ ನಾನೇನು ಹೇಳ್ಲಿ? ಬಾಕಿ ನಿಮ್ಮ ತಲೆ ಮೇಲಿದೆ, ನೆನಪಿರ್ಲಿ.”

ಅವನ ಕಿವಿ ಕೆಂಪಾಯಿತು. ಥಟ್ಟನೆ ಹೆಡ್‌ಫೋನಿನಿಂದ ಅದನ್ನು ಮುಚ್ಚಿಕೊಂಡ.

ಅಂದಿನಿಂದ, ಶುರುಮಾಡಿ ಎಂದು ಅವನೆತ್ತುವ ಬೆರಳು ಬೇಕಾದ್ದಕ್ಕಿಂತ ತುಸು ಹೊತ್ತು ಮೇಲೆಯೇ ಇರುತ್ತಿತ್ತು. ಅವಳೂ ಆಗೀಗ ಬೇಕೆಂದೇ ತಪ್ಪು ಓದುತ್ತಿದ್ದಳು, ಆ ಬೆರಳು ಇನ್ನೊಮ್ಮೆ ಏಳಲಿ ಎಂದು. ಇಬ್ಬರ ನಡುವೆ ನಡೆದದ್ದು ಇಷ್ಟೇ. ಬರೀ ಇಷ್ಟನ್ನೇ ನಂಬಿ ಯಾರಾದರೂ ಊರಲ್ಲಿ ಉಳಿಯುತ್ತಾರೆಯೇ?

ಇಂದು ಕೊನೆಯ ಕಂತು. ಉಸಿರಾಡುವ ಗುಹೆಯ ಕಥೆ.

ಬೆರಳು ಎದ್ದಿತು. ಅವಳು ಓದಿದಳು: “ಹೊರಗಿನ ಗಾಳಿಯ ಒತ್ತಡ ಏರಿದಾಗ ಈ ಗುಹೆ ಉಸಿರನ್ನು ಒಳಗೆಳೆದುಕೊಳ್ಳುತ್ತದೆ. ಒತ್ತಡ ಇಳಿದಾಗ, ಪಡೆದದ್ದನ್ನೆಲ್ಲ ಹಿಂದಿರುಗಿಸುತ್ತದೆ.”

ಕೊನೆಯ ಪದ ಮುಗಿಸಿ ಉಸಿರೆಳೆದಳು. ಸಿಳ್ಳೆ ಎಂದಿಗಿಂತ ಜೋರಾಗಿ ಬಂತು.

“ಸಾರಿ. ಇನ್ನೊಂದ್ಸಲ ಓದ್ತೀನಿ.”

“ಬೇಡ. ಇರ್ಲಿ.”

“ಸಿಳ್ಳೆ ಬಂತಲ್ರೀ!”

“ಗುಹೆಗೂ ಬರುತ್ತೆ.”

ಅವಳು ತಲೆಯೆತ್ತಿ ನೋಡಿದಳು. ಅವನು ಆಗಲೇ ತಲೆ ತಗ್ಗಿಸಿದ್ದ.

ಓದಿ ಮುಗಿಯಿತು. ಅವಳು ಚೀಲ ಹೆಗಲಿಗೇರಿಸಿ ಅವನ ಕೋಣೆಗೆ ಬಂದಳು.

“ನಾಳೆ ಅಕ್ಕನ ಊರಿಗೆ ಹೊರಟಿದೀನಿ. ಇನ್ಮೇಲೆ ಅಲ್ಲೇ.”

ಅವನು ಎದ್ದುನಿಂತ. “ಒಳ್ಳೇದು,” ಅಂದ.

ಹೊರಡುವವರೂ ‘ಬರ್ತೀನಿ’ ಅನ್ನುವ ಭಾಷೆ ನಮ್ಮದು. ಅವಳ ನಾಲಗೆಗೆ ಇಂದು ಅದು ಬರಲಿಲ್ಲ. “ಹೋಗ್ತೀನಿ,” ಅಂದಳು.

ಅವನು ಬೆಚ್ಚಿದ. “ಹಾಗನ್ಬಾರ್ದು.”

“ಮತ್ತೆ ಹೇಗನ್ಬೇಕು? ನೀವೇ ಹೇಳಿ.”

ಅವನು ತನ್ನ ಹೆಡ್‌ಫೋನನ್ನು ಅವಳ ಕೈಗಿತ್ತು, ಗಾಜಿನಾಚೆಯ ಕೋಣೆಗೆ ಹೋಗಿ, ಮೈಕಿನ ಮುಂದೆ ಅವಳ ಕುರ್ಚಿಯಲ್ಲಿ ಕೂತ.

ಅವಳು ಅವನ ಕುರ್ಚಿಯಲ್ಲಿ ಕೂತಳು. ಇಷ್ಟು ಕಾಲ ಅವನು ನೋಡುತ್ತಿದ್ದುದು ಇದನ್ನೇ: ಒಂದು ಹಳದಿ ದೀಪ, ಅದರಡಿ ಒಂಟಿಯಾಗಿ ಕೂತ ಒಂದು ಜೀವ. ಅವಳು ಹೆಡ್‌ಫೋನ್ ಹಾಕಿಕೊಂಡಳು.

ಮಾತು ಕೇಳಿಸಲಿಲ್ಲ. ಉಸಿರು ಕೇಳಿಸಿತು. ಒಳಗೆಳೆದು, ಅರ್ಧದಲ್ಲಿ ನಿಂತು, ನಡುಗಿ, ಮೆಲ್ಲನೆ ಹೊರಬಂದ ಉಸಿರು. ಭುಜಕ್ಕೆ ಭುಜ ತಾಗಿ ಕೂತವರ ಉಸಿರಿನಷ್ಟು ಹತ್ತಿರ. ಅವಳ ಮನೆಯಲ್ಲಿ ಇನ್ನೊಬ್ಬರ ಉಸಿರು ಕೇಳಿ ಎಷ್ಟು ಕಾಲವಾಗಿತ್ತೋ!

“ಅಳಿಸಿದ್ದನ್ನ ವಾಪಸ್ ತರೋಕಾಗಲ್ಲ,” ಅಂದ ಅವನು, ಮೈಕಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ. “ನನ್ನ ಹತ್ರ ಇರೋದು ಇದೊಂದೇ. ಬಾಕಿಗೆ ಇದನ್ನ ತಗೋತೀರಾ?”

ಅವಳ ಕಣ್ಣೆದುರಿನ ಗಾಜು ಮಂಜಾಯಿತು. ಗಾಜಿನಾಚೆಗೆ ಮಾತಾಡಲು ಅವನು ದಿನವೂ ಒತ್ತುತ್ತಿದ್ದ ಗುಂಡಿಯನ್ನು ತಡವಿ ಒತ್ತಿದಳು.

“ಇಷ್ಟು ಬಡ್ಡಿಗೂ ಸಾಲದು ಕತ್ತರಿಯವರೇ.”

“ಇರೋವರೆಗೂ ಕೊಡ್ತೀನಿ.”

ನಾಳೆಯ ರೈಲಿಗೆ ಬರುವುದಿಲ್ಲ ಎಂದು ಅಕ್ಕನಿಗೆ ಹೇಳಬೇಕು. ಯಾಕೇ ಎಂದು ಕೇಳುತ್ತಾಳೆ. ಗೋಡೆ ಉಸಿರೆತ್ತಿತು ಕಣೇ ಎಂದರೆ ನಂಬಿಯಾಳೇ?

ಅವಳು ಗಾಜಿನ ಈಚೆಯಿಂದ ಬೆರಳೆತ್ತಿದಳು. ಬೇಕಾದ್ದಕ್ಕಿಂತ ತುಸು ಹೆಚ್ಚೇ ಹೊತ್ತು ಅದನ್ನು ಹಾಗೇ ಹಿಡಿದಳು.

ಅವನು ಮಾತಿಲ್ಲದೆ, ಒಂದೊಂದೇ ಉಸಿರಾಗಿ, ಬಾಕಿ ಹಿಂದಿರುಗಿಸತೊಡಗಿದ.